ಕೋಯಾಕ ವಿಚಾರಿಸಿದ ಐರಿಷ್ ವರ

ಸೌದಿಯ ಯಾನ್ಬುವಿನಲ್ಲಿರುವ ನಮ್ಮ ಕರಾವಳಿಯವರ ಯಾವ ಮನೆಗೆ ಸಂಬಂಧ ಬಂದರೂ ಮೊದಲ ಫೋನು ಹೋಗುವುದು ಕೋಯನಿಗೆ. ಉಳ್ಳಾಲದ ಕೋಯ, ಕಿರಿಯರ ಬಾಯಲ್ಲಿ ಕೋಯಾಕ, ಅಲ್ಲಿನ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್. ನಟ್ಟು ಬೋಲ್ಟಿನ ಲೆಕ್ಕ ತಪ್ಪಬಹುದು, ಯಾರ ಅಜ್ಜಿ ಯಾವ ಮನೆಯವಳು ಎಂಬುದು ಮಾತ್ರ ತಪ್ಪುವುದಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಾನೆ. ಅದೂ ತಪ್ಪುತ್ತದೆ, ಆ ಮಾತು ಬೇರೆ. ಏನೇ ಆಗಲಿ, 'ಗೊತ್ತಿಲ್ಲ' ಎಂಬ ಒಂದು ಪದ ಅವನ ಬಾಯಿಂದ ಹೊರಟದ್ದನ್ನು ಯಾರೂ ಕೇಳಿಲ್ಲ. ತಬೂಕಿಗೆ ದಾರಿ ಕೇಳಿದವನನ್ನು ಮಕ್ಕಾದ ಕಡೆ ತಿರುಗಿಸಿಯಾನು, ಉತ್ತರ ಕೊಡದೆ ಕಳಿಸಲಾರ.

"ನಾಳೆ ಮಳೆ ಬರ್ತದಾ ಅಂತ ಇವರ ಹತ್ರ ಕೇಳಿ ನೋಡಿ, ಎಷ್ಟು ಗಂಟೆಗೆ ಅಂತ ಹೇಳ್ತಾರೆ" ಎನ್ನುತ್ತಾಳೆ ಹೆಂಡತಿ ರುಖಿಯಮ್ಮ. ಯಾನ್ಬುವಿನಲ್ಲಿ ಮಳೆ ಬರುವುದೇ ಅಪರೂಪ. ಕೋಯ ಗಂಟೆಯನ್ನೂ ಹೇಳಿದ್ದಾನೆ.

ಅವನ ವಿಚಾರಣೆಗೆ ಒಂದು ಕ್ರಮವಿದೆ. ಗಂಡಿನ ಕಡೆಯದ್ದನ್ನು ಕೇಳಿದವರಿಗೆ ಹೆಣ್ಣಿನ ಕಡೆಯದ್ದನ್ನೂ ಕೆದಕಿ ಕೊಡುತ್ತಾನೆ, ಅದೂ ತಾಯಿಯ ಕಡೆಯಿಂದ ಶುರುಮಾಡಿ. ಕೆಟ್ಟದ್ದು ಸಿಕ್ಕಿದರೆ ಅದಕ್ಕೆ ಅಂಗಿ ತೊಡಿಸಿಯೇ ಹೊರಗೆ ಬಿಡುತ್ತಾನೆ. ಸಿಡುಕನಾದರೆ ಹುಡುಗ ಖಡಕ್. ಸೋಮಾರಿಯಾದರೆ ಶಾಂತ ಸ್ವಭಾವ. ಕೆಲಸವಿಲ್ಲದವನು ಸ್ವಂತ ಬಿಸಿನೆಸ್‌ನ ಆಲೋಚನೆಯಲ್ಲಿದ್ದಾನೆ.

ಇಂಥ ಕೋಯನ ಬಳಿಗೆ ಒಂದು ದಿನ ಡೆರಿಕ್ ಕೀಗನ್ ದಪ್ಪ ಫೈಲು ಹಿಡಿದುಕೊಂಡು ಬಂದ. ಡೆರಿಕ್ ಅದೇ ಕಾರ್ಖಾನೆಯ ಸೇಫ್ಟಿ ಇನ್‌ಸ್ಪೆಕ್ಟರ್, ಬೆಂಗಳೂರಿನ ದಂಡು ಪ್ರದೇಶದವನು, ಕೋಯನ ಹಳೆಯ ದೋಸ್ತಿ. ಅವನ ಮನೆತನದ ಮೂಲಪುರುಷ ಥಾಮಸ್ ಕೀಗನ್ ಎಂಬ ಐರಿಷ್ ಕ್ಯಾಪ್ಟನ್, ಎರಡೂ ಕಡೆಯಿಂದ ಅಪ್ಪಟ ಐರಿಷ್ ರಕ್ತ, ನಡುವೆ ಒಂದು ಹನಿ ನೀರೂ ಸೇರಿಲ್ಲ. ಇದನ್ನು ಕೇಳದವರು ಆ ಕಾರ್ಖಾನೆಯಲ್ಲಿ ಹೊಸಬರು ಎಂದೇ ಅರ್ಥ. ಕಪ್ಪು ಬಣ್ಣದಲ್ಲಿ ಡೆರಿಕ್ ಕೋಯನಿಗಿಂತ ಒಂದು ಕೈ ಮೇಲು. ಅದು ಯಾನ್ಬುವಿನ ಬಿಸಿಲಿನ ಪ್ರಭಾವ ಎನ್ನುತ್ತಾನೆ. ಬೂಟಿನೊಳಗಿನ ಪಾದಕ್ಕೆ ಬಿಸಿಲು ತಾಗಿದ್ದು ಹೇಗೆ ಎಂದು ಮರ್ಯಾದಸ್ಥರು ಯಾರೂ ಕೇಳಿಲ್ಲ.

ಈಗ ಅವನ ತಲೆನೋವು ಮಗಳದ್ದು. ಇಲ್ಲಿನ ಶಾಲೆಯಲ್ಲಿ ಪಾಠ ಮಾಡುವ ಮೊರೀನ್, ವೆಲ್ಡಿಂಗ್ ಫೋರ್‌ಮನ್ ಕೊರಗಪ್ಪನ ಮಗ ಅಖಿಲೇಶನನ್ನು ಮೆಚ್ಚಿದ್ದಳು. ಅಪ್ಪ ಆಗದು ಎಂದ. ಮಗಳು ಜಗಳವಾಡಲಿಲ್ಲ. ನೀವು ಒಪ್ಪದೆ ಮದುವೆಯಾಗುವುದಿಲ್ಲ, ಆದರೆ ಬೇರೆ ಯಾರನ್ನೂ ಆಗುವುದಿಲ್ಲ ಎಂದು ಹೇಳಿ ಸುಮ್ಮನಾದಳು. ತಾಯಿಯಿಲ್ಲದ ಮನೆಯಲ್ಲಿ ಇಬ್ಬರೂ ಎದುರುಬದುರು ಕುಳಿತು ಮಾತಿಲ್ಲದೆ ಉಣ್ಣುತ್ತಿದ್ದರು. ಡೆರಿಕ್‌ಗೆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಆದರೂ ಹಠ ಇಳಿದಿರಲಿಲ್ಲ.

"ಇದನ್ನ ಆ ಕೊರಗಪ್ಪನಿಗೆ ತೋರಿಸು" ಎಂದ ಡೆರಿಕ್. "ಲಂಡನ್‌ನಿಂದ ತರಿಸಿದ ಮಿಲಿಟರಿ ರೆಕಾರ್ಡು. ನಮ್ಮ ಮನೆತನ ಏನು ಅಂತ ಗೊತ್ತಾದ್ರೆ ಅವರೇ ಹಿಂದೆ ಸರೀತಾರೆ."

"ನೀನು ಪೂರ್ತಿ ಓದಿದ್ಯಾ?"

"ಮೊದಲನೇ ಪೇಜು ಸಾಕಲ್ಲ. ಊರು, ಎತ್ತರ, ನೀಲಿ ಕಣ್ಣು, ಎಲ್ಲಾ ಇದೆ."

ಕೋಯ ಮನೆ ನೋಡಲು ಹೋದರೂ ಹಿತ್ತಲಿನ ಕಡೆಯಿಂದ ಒಳಹೋಗುವ ಗಿರಾಕಿ. ಫೈಲನ್ನು ಕೊನೆಯ ಪುಟದಿಂದ ತೆರೆದ. ಓದುತ್ತ ಓದುತ್ತ ಅವನಿಗೆ ಬ್ರಿಟಿಷ್ ಸೈನ್ಯದ ಮೇಲೆ ಎಲ್ಲಿಲ್ಲದ ಗೌರವ ಹುಟ್ಟಿತು. ಹುಡುಗ ಥಾಮಸ್ ಕುಡಿದದ್ದು, ಕುಡಿದು ಗೋಡೆ ಹಾರಿದ್ದು, ಹಾರಿ ಸಿಕ್ಕಿಬಿದ್ದದ್ದು, ಒಂದನ್ನೂ ಮುಚ್ಚಿಟ್ಟಿರಲಿಲ್ಲ.

"ನಮ್ಮೂರಲ್ಲಿ ಇಷ್ಟು ತಿಳೀಲಿಕ್ಕೆ ನಾಲ್ಕು ಮನೆಯ ಚಾ ಕುಡೀಬೇಕು" ಎಂದು ರುಖಿಯಮ್ಮನಿಗೆ ಹೇಳಿದ. "ಇವ ಯಾನ್ಬುವಿನಲ್ಲಿದ್ದಿದ್ರೆ ಮರುದಿನವೇ ವಿಮಾನ ಹತ್ತಿಸ್ತಿದ್ರು."

"ಹುಡುಗಿ ಯಾರಂತೆ?" ಎಂದಳು ರುಖಿಯಮ್ಮ.

ಕೋಯ ಇನ್ನೊಂದು ಪುಟ ತಿರುವಿದ. ಅದನ್ನು ಓದಿದ ಮೇಲೆ ಅವನು ನಗಲಿಲ್ಲ. ಬೆಂಗಳೂರಿನ ಶಿವಾಜಿನಗರದಲ್ಲಿ ಅಂಗಡಿ ಇಟ್ಟಿರುವ ತಂಗಿಯ ಮಗ ಅಶ್ರಫ್‌ಗೆ ಫೋನು ಮಾಡಿ, ದಂಡಿನ ಹಳೆಯ ಚರ್ಚಿಗೆ ಹೋಗಿ ಥಾಮಸ್ ಕೀಗನ್‌ನ ಮದುವೆ ವಿಚಾರಿಸು ಎಂದ. ಚರ್ಚಿನ ಗುಮಾಸ್ತರು ರಿಜಿಸ್ಟರು ತೆಗೆದು, ಹುಡುಗ ಸತ್ತು ನೂರೈವತ್ತು ವರ್ಷದ ಮೇಲಾಯಿತಲ್ಲಪ್ಪ ಎಂದರಂತೆ. ಮಾವ ಈಗ ವಿಚಾರಿಸುತ್ತಿದ್ದಾರೆ ಎಂದು ಅಶ್ರಫ್ ತಲೆ ತಗ್ಗಿಸಿ ಹೇಳಿ, ಫೋಟೊ ತೆಗೆದು ಕಳಿಸಿದ.

ಶುಕ್ರವಾರ ಇಳಿಹೊತ್ತಿನ ಅಸರ್ ನಮಾಝ್ ಮುಗಿಸಿ ಕೋಯ ಡೆರಿಕ್‌ನನ್ನು ಸಮುದ್ರದ ದಂಡೆಗೆ ಕರೆಸಿಕೊಂಡ. ತನ್ನ ಕಾರನ್ನು ದೂರದಲ್ಲಿ, ಎಸಿ ಹಾಕಿಯೇ ನಿಲ್ಲಿಸಿ ಬಂದಿದ್ದ. ಇಬ್ಬರೂ ಕಲ್ಲುಬೆಂಚಿನ ಮೇಲೆ ಕುಳಿತರು.

"ಹುಡುಗ ಒಳ್ಳೆಯವ" ಎಂದು ಕೋಯ ಶುರುಮಾಡಿದ. "ಕ್ಯಾಪ್ಟನ್ ಅಲ್ಲ. ಕ್ಯಾಪ್ಟನ್ ಹತ್ರ ಇದ್ದವ."

"ಹತ್ರ ಅಂದ್ರೆ?"

"ಅವರ ಕುದುರೆಗೆ ಹುಲ್ಲು ಹಾಕ್ತಿದ್ದ."

ಡೆರಿಕ್ ಸಮುದ್ರ ನೋಡಿದ. "ಕುಡೀತಿದ್ನಾ?"

"ಸ್ವಲ್ಪ ಸ್ನೇಹಜೀವಿ."

"ಕೋಯ, ನಿನ್ನ ಭಾಷೆ ನನಗೆ ಗೊತ್ತು. ನೇರ ಹೇಳು."

ನೇರ ಹೇಳುವುದು ಕೋಯನಿಗೆ ಅಭ್ಯಾಸವಿಲ್ಲದ ಕೆಲಸ. ಅಂಗಿ ತೊಡಿಸಲು ನೋಡಿದ, ಈ ಸಂಗತಿಗೆ ಯಾವ ಅಂಗಿಯೂ ಹಿಡಿಸಲಿಲ್ಲ. "ಮದುವೆಗೆ ಅನುಮತಿ ಕೊಡಿ ಅಂತ ಮೇಲಿನವರ ಹತ್ರ ಕೇಳಿದ್ದಾನೆ. ಆಗುದಿಲ್ಲ ಅಂದಿದ್ದಾರೆ. ಮತ್ತೆ ಕೇಳಿದ್ದಾನೆ. ನಮ್ಮ ಪಡೆಯ ಮರ್ಯಾದೆಗೆ ಇದು ತಕ್ಕದ್ದಲ್ಲ ಅಂತ ಬರೆದು ಪುನಃ ಆಗುದಿಲ್ಲ ಅಂದಿದ್ದಾರೆ. ಮೂರನೇ ಸಲ ಕೇಳಿದ ಮೇಲೆ ಬಿಟ್ಟಿದ್ದಾರೆ."

"ಯಾಕೆ? ಹುಡುಗಿ ಯಾರು?"

"ನಮ್ಮವಳು ಮಾರಾಯ. ನಿಮ್ಮ ಬೆಂಗಳೂರಿನ ಕಡೆಯವಳು."

ಕೋಯ ಮೊಬೈಲಿನಲ್ಲಿ ಚರ್ಚಿನ ಪುಟ ತೋರಿಸಿದ. ಹುಡುಗಿಯ ಹೆಸರು ಮೇರಿ, ಅಷ್ಟೇ. ಮದುವೆಯ ಹಿಂದಿನ ದಿನವಷ್ಟೇ ಜ್ಞಾನಸ್ನಾನವಾಗಿತ್ತು. ತಂದೆಯ ಹೆಸರಿನ ಜಾಗ ಖಾಲಿ. ಮುಂದಿನ ಫೋಟೊಗಳಲ್ಲಿ ಮಕ್ಕಳ ಜ್ಞಾನಸ್ನಾನ. ಕೊನೆಯ ಮಗುವಿನ ಹೊತ್ತಿಗೆ ಥಾಮಸ್ ಜ್ವರದಲ್ಲಿ ತೀರಿಹೋಗಿದ್ದ. ಆ ಮಗುವಿಗೂ ಕೀಗನ್ ಎಂಬ ಹೆಸರನ್ನೇ ಬರೆಸಿ, ಕೆಳಗೆ ಅವಳು ಸಹಿಯ ಬದಲು ಅಡ್ಡಾದಿಡ್ಡಿಯಾಗಿ ಒಂದು ಗೀಟು ಹಾಕಿದ್ದಳು. ಡೆರಿಕ್ ಆ ಗೀಟನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದ, ಮತ್ತೆ ಮತ್ತೆ ನೋಡಿದ.

"ಮದುವೆ ಬೇಡ ಅಂದ ಆಫೀಸರ್ ಹೆಸರು ಇದ್ಯಾ?"

"ಪೂರ್ತಿ ಉಂಟು. ಪದವಿ, ಪದಕ ಸಮೇತ."

"ಮೇರಿ ಆಗೋ ಮುಂಚೆ ಇವಳ ಹೆಸರು ಏನಿತ್ತು, ಕೋಯ?"

ಕೋಯನ ನಾಲಿಗೆಯ ತುದಿಗೆ ಎಷ್ಟೋ ಹೆಸರುಗಳು ಬಂದವು. ಯಾವುದಾದರೂ ಒಂದನ್ನು ಹೇಳಿದ್ದರೆ ಡೆರಿಕ್ ನಂಬುತ್ತಿದ್ದ. ಹಾಗೆ ನಂಬಲು ಅವನು ಬಾಯಿಬಿಟ್ಟು ಕಾಯುತ್ತಿದ್ದ. ಆದರೆ ಅಷ್ಟು ಮಕ್ಕಳನ್ನು ಒಬ್ಬಳೇ ಸಾಕಿದ ಹೆಂಗಸಿಗೆ ತನ್ನ ಅಂದಾಜಿನ ಹೆಸರನ್ನು ಅಂಟಿಸಲು ಕೋಯನಿಗೆ ಮನಸ್ಸು ಬರಲಿಲ್ಲ. ಅವನಿಗೆ ಅಳು ಬಂದಂತಾಯಿತು.

"ಗೊತ್ತಿಲ್ಲ, ಡೆರಿಕ್" ಎಂದ.

ಆ ಮಾತು ಕೇಳಿ ಡೆರಿಕ್ ತಿರುಗಿ ಅವನ ಮುಖ ನೋಡಿದ. ಕೋಯನೇ ಗೊತ್ತಿಲ್ಲ ಎಂದ ಮೇಲೆ ಜಗತ್ತಿನಲ್ಲಿ ಅದು ಯಾರಿಗೂ ಗೊತ್ತಿಲ್ಲ ಎಂದು ಅವನಿಗೆ ಆಗಲೇ ಖಾತ್ರಿಯಾಯಿತು. ಕನ್ನಡಕ ತೆಗೆದು ಒರೆಸಿಕೊಂಡ.

"ಬೇಡ ಅಂದವನ ಹೆಸರು ಉಳೀತು. ಅವಳ ಹೆಸರು ಹೋಯ್ತು" ಎಂದ. ಕನ್ನಡಕ ಮತ್ತೆ ಹಾಕಿಕೊಂಡು, "ಮೊರೀನ್ ನನ್ನ ಹತ್ರ ಮಾತಾಡಿ ತಿಂಗಳಾಗ್ತಾ ಬಂತು. ಥಾಮಸ್ ಹಾಗೆ ಮೂರು ಸಲ ಕೇಳೋಕೆ ಅವಳೇನೂ ಬರಲ್ಲ."

"ನೀನೇ ಹೋಗಿ ಹೇಳು, ಎಂತ ಆಗ್ತದೆ?"

"ಹೇಳ್ತೀನಿ." ಡೆರಿಕ್ ಫೈಲನ್ನು ಕಂಕುಳಿಗೆ ಇಟ್ಟುಕೊಂಡು ಎದ್ದ. "ಕೊರಗಪ್ಪನ ಮನೆಯವರು ಮಾತುಕತೆಗೆ ಯಾವಾಗ ಬರ್ತಾರೆ ಅಂತ ಸ್ವಲ್ಪ ಕೇಳ್ತೀಯಾ?"

"ಕೇಳ್ಲಿಕ್ಕೆ ಎಂತ ಉಂಟು? ಅದು ನಂಗೆ ಗೊತ್ತುಂಟು" ಎಂದ ಕೋಯ, ಕಾರಿನ ಕಡೆಗೆ ಗಲ್ಲ ಎತ್ತಿ. "ಗಂಡ ಹೆಂಡತಿ ಇಬ್ರೂ ಆಗಿಂದ ಅಲ್ಲಿ ಕೂತಿದ್ದಾರೆ."