ಮದ್ದಗಿರಿ ಅಂತ ಅಚ್ಚಾದ ಬಾಟ್ಲಿ

ಮಧುಗಿರಿಯಿಂದ ಕೊರಟಗೆರೆಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್ ನರಸಿಂಹರಾಜು ಟಿಕೆಟ್ಟಿಗಿಂತ ಹೆಚ್ಚಾಗಿ ಸೋಡಾ ಬಾಟ್ಲಿಯ ವಿಚಾರ ಮಾತಾಡುತ್ತಿದ್ದ. ನಾನು ದಿನಾ ಅದೇ ಬಸ್ಸಿನಲ್ಲಿ ಶಾಲೆಗೆ ಹೋಗುವ ಮೇಷ್ಟ್ರು. ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಬಾಟ್ಲಿಯ ಕತ್ತಿನ ತುದಿ ಒರಟಾಗಿ ಅಂಟಿಸಿದಂತಿದ್ದರೆ ಹಳೇ ಮಾಲು, ನುಣ್ಣಗಿದ್ದರೆ ಈಚಿನದು. ಅಂಟಿಸಿದ ಚೀಟಿಯಲ್ಲಿ ಮೈಸೂರು ರಾಜ್ಯ ಅಂತಿದ್ದರೆ ಎಪ್ಪತ್ತಮೂರಕ್ಕೆ ಮುಂಚಿನದು. ಪಿನ್ ಕೋಡ್ ಕಂಡರೆ ಅವನ ಮುಖ ಸಪ್ಪಗಾಗುತ್ತಿತ್ತು. "ಕತ್ತು ನೋಡ್ದಲೆ ವರ್ಸ ಯೋಳ್ಬಾರ್ದು ಸಾ," ಎನ್ನುವುದು ಅವನ ಕಟ್ಟಪ್ಪಣೆ.

ಶಿರಾ, ಪಾವಗಡದ ಗುಜರಿ ಅಂಗಡಿಗಳನ್ನೆಲ್ಲ ಅವನು ಕೆದಕಿದ್ದು ಒಂದೇ ಒಂದು ಬಾಟ್ಲಿಗಾಗಿ. ಅವನ ತಾತ ಕದಿರಯ್ಯ ಮಧುಗಿರಿಯಲ್ಲಿ ಗೋಲಿ ಸೋಡಾ ಫ್ಯಾಕ್ಟರಿ ಇಟ್ಟಿದ್ದರು. ಅಪ್ಪ ಓಬಳಯ್ಯ ಅದನ್ನು ಹೊತ್ತು ಮಾರುತ್ತಿದ್ದ. ಎಪ್ಪತ್ತೊಂಬತ್ತರಲ್ಲಿ, ರಾಜು ಇನ್ನೂ ತೊಟ್ಟಿಲಲ್ಲಿದ್ದಾಗ, ಚನ್ನರಾಯನದುರ್ಗದ ಕಡೆ ಮದುವೆ ಮನೆಯೊಂದಕ್ಕೆ ಸೋಡಾ ಮೂಟೆ ಹೊತ್ತು ಹೋದ ಓಬಳಯ್ಯ ವಾಪಸ್ ಬರಲಿಲ್ಲ. ಹಿಂದೂಪುರದಲ್ಲಿ ಯಾವಳೊಂದಿಗೋ ಸಂಸಾರ ಹೂಡಿದ್ದಾನೆ ಅಂತ ಊರು ತೀರ್ಮಾನ ಮಾಡಿಬಿಟ್ಟಿತು. ಊರಿಗೇನು, ನಾಲಿಗೆಗೆ ಬಾಡಿಗೆ ಕಟ್ಟಬೇಕೆ?

ಅವನ ತಾಯಿ ಚಿಕ್ಕಹನುಮಕ್ಕ ಅದನ್ನು ನಂಬಿದಳು. ಸಿಟ್ಟಿಗೆ ಮನೆಯ ಬಾಟ್ಲಿಗಳನ್ನೆಲ್ಲ ಒಡೆಸಿ ಗುಜರಿಗೆ ಹಾಕಿದಳು. ಹಣೆಯ ಕುಂಕುಮ ಬಿಡಲಿಲ್ಲ, ಆದರೆ ಮಗನ ಲಗ್ನಪತ್ರಿಕೆಯಲ್ಲೂ ಗಂಡನ ಹೆಸರು ಹಾಕಿಸಲಿಲ್ಲ. ಫ್ಯಾಕ್ಟರಿಯ ಬಾಟ್ಲಿ ಹೇಗಿತ್ತೆಂದು ರಾಜು ಕೇಳಿದರೆ ಎದ್ದು ಹೋಗುತ್ತಿದ್ದಳು. ತಾತನ ಹೆಸರಿನ ಅಚ್ಚಿರಬೇಕೆಂದು ಅವನೇ ಅಂದುಕೊಂಡಿದ್ದ.

"ಅಪ್ಪನ್ನ ಬೈಯಕ್ಕಾದ್ರೂ ಕೈಯಾಗೆ ಏನಾರ ಇರ್ಬೇಕಲ್ಲ ಸಾ," ಎಂದು ಒಮ್ಮೆ ನಗುತ್ತಲೇ ಹೇಳಿದ.

ಕಳೆದ ಬೇಸಿಗೆಯಲ್ಲಿ ಚನ್ನರಾಯನದುರ್ಗದ ಹತ್ತಿರ, ಕಟ್ಟೆಯಿಲ್ಲದ ಹಾಳು ಬಾವಿಯೊಂದರ ಹೂಳು ತೆಗೆಯುವಾಗ ಜೆಸಿಬಿಗೆ ಮನುಷ್ಯನ ಮೂಳೆಗಳು ಸಿಕ್ಕವು. ಜೊತೆಗೆ ನಾಲ್ಕಾರು ಗೋಲಿ, ಗಾಜಿನ ಚೂರು, ಒಂದು ಬಾಟ್ಲಿಯ ಬುಡ. ಠಾಣೆಗೆ ತಿಳಿಸೋಣ ಅಂತ ಕೆಲವರು, ಊರಿಗೆ ಯಾಕೆ ರಗಳೆ ಅಂತ ಕೆಲವರು. ಜಮೀನಿನ ಯಜಮಾನ ಮಲ್ಲಿಕಾರ್ಜುನಯ್ಯ, "ಬಾಟ್ಲಿ ರಾಜುನ ಕೇಳಾನ," ಎಂದು ಅವನನ್ನೇ ಕರೆಸಿದರು.

ಬುಡದ ಸುತ್ತ ಉಬ್ಬು ಅಕ್ಷರದಲ್ಲಿ ಮದ್ದಗಿರಿ ಅಂತಿತ್ತು. ಅದು ಮಧುಗಿರಿಯ ಹಳೇ ಹೆಸರು, ಸ್ವಾತಂತ್ರ್ಯಕ್ಕೆ ಎಷ್ಟೋ ಮುಂಚೆಯೇ ಕಾಗದಪತ್ರದಿಂದ ಹೋಗಿತ್ತು. ಕತ್ತು ಸಿಕ್ಕಿರಲಿಲ್ಲ. ಆದರೆ ಸುತ್ತ ನಿಂತವರೆಲ್ಲ ತನ್ನ ಬಾಯನ್ನೇ ನೋಡುತ್ತಿದ್ದಾಗ ಕತ್ತಿನ ಮಾತು ಯಾರಿಗೆ ನೆನಪಿರುತ್ತದೆ?

"ನೂರು ವರ್ಸದ್ದು ಕಣಣ್ಣ ಇದು," ಎಂದ ನರಸಿಂಹರಾಜು. "ಇವನ ಕಡೇರು ಯಾರೂ ಬದುಕಿಲ್ಲ ಬುಡು."

ಅಷ್ಟಕ್ಕೇ ಮುಗಿಯಿತು. ಮಲ್ಲಿಕಾರ್ಜುನಯ್ಯ ಊದುಬತ್ತಿ ಹಚ್ಚಿ ಕೈಮುಗಿದರು. ಮೂಳೆಗಳು ಹೂಳಿನ ಜೊತೆಗೇ ಟ್ರ್ಯಾಕ್ಟರ್ ಏರಿ ಹೊಸ ರಸ್ತೆಯ ತಗ್ಗಿಗೆ ಬಿದ್ದವು. ಬುಡವನ್ನು ರಾಜು ಕೇಳಿ ಪಡೆದುಕೊಂಡ.

ಬಾಟ್ಲಿಗಳನ್ನು ಅವ್ವನ ಕಣ್ಣಿಗೆ ಬೀಳದಂತೆ ಅಟ್ಟದಲ್ಲಿಡುವುದು ಅವನ ರೂಢಿ. ಇದನ್ನು ಮಾತ್ರ ತೊಳೆದು, ಖುಷಿಗೆ ಟಿವಿ ಪಕ್ಕದಲ್ಲಿಟ್ಟ. ಸಂಜೆ ಚಿಕ್ಕಹನುಮಕ್ಕ ಅದನ್ನು ಕೈಗೆತ್ತಿಕೊಂಡಳು. ಓದು ಬಾರದವಳು, ಅಕ್ಷರಗಳ ಮೇಲೆ ಹೆಬ್ಬೆರಳಾಡಿಸಿದಳು.

"ಎಲ್ ಸಿಕ್ತಲಾ ಇದು?"

"ದುರ್ಗದ ತಾವ ಬಾವೀಲಿ ಕಣವ್ವ. ಮದ್ದಗಿರಿ ಅಂತ ಐತೆ. ನೂರು ವರ್ಸದ್ದು."

"ನಿಮ್ ತಾತ ಸಾಯೋಗಂಟ ಮದ್ದಗಿರಿ ಅಂತ್ಲೇ ಅಂತಿದ್ದ ಕಣ್ಲಾ. ಅಚ್ಚಿಗೂ ಅಂಗೇ ಬರೆಸ್ಬುಟ್ಟ. ನಿಮ್ಮಪ್ಪ ನಗ್ತಿದ್ದ. ನನ್ ಮದ್ವೆ ವರ್ಸ ಬಂದ ಬಾಟ್ಲಿ ಇವು." ಕೊನೆಯ ಅಕ್ಷರದ ಪಕ್ಕದ ಸಣ್ಣ ಗಂಟಿನ ಮೇಲೆ ಅವಳ ಬೆರಳು ನಿಂತಿತು. "ಈ ಗಂಟು ಎಲ್ಲಾದ್ರಾಗೂ ಇತ್ತು. ತೊಳೆಯವಾಗ ಕೈಗೆ ಸಿಕ್ಕೋದು."

ಆಮೇಲೆ ಕೇಳಿದಳು, "ಬಾವೀಲಿ ಇನ್ನೇನ್ ಸಿಕ್ತು?"

ಅವನು ಹೇಳಲೇಬೇಕಾಯಿತು.

ಮರುದಿನ ಬೆಳಗ್ಗೆ ತಾಯಿಯನ್ನು ಕರೆದುಕೊಂಡು ಹೊರಟವನು, ಅವಳ ಜೊತೆ ಒಬ್ಬನೇ ಹೋಗುವ ಧೈರ್ಯ ಸಾಲದೆ ನನ್ನನ್ನೂ ಕರೆದ. ತಗ್ಗಿನ ಮೇಲೆ ಆಗಲೇ ಜಲ್ಲಿ ಬಿದ್ದು ರೋಲರ್ ಓಡಿತ್ತು. ಚಿಕ್ಕಹನುಮಕ್ಕ ಚಪ್ಪಲಿ ಬಿಟ್ಟು ರಸ್ತೆಯ ಅಂಚಿಗೆ ನಿಂತಳು. ಎಲ್ಲಿ ಅಂತ ಕೇಳಿದಳು. ಇಲ್ಲಿಂದ ಆ ಹುಣಸೇಮರದ ತನಕ ಎಲ್ಲೋ ಇರಬೇಕು, ಅಂತ ಜಾಗ ತೋರಿಸಲು ಬಂದಿದ್ದ ಮಲ್ಲಿಕಾರ್ಜುನಯ್ಯ ತಡವರಿಸಿದರು.

ಅವಳು ಸೆರಗಿನಿಂದ ಹಣೆ ಒರೆಸಿಕೊಂಡಳು. ಕುಂಕುಮ ಹೋಯಿತು, ಅದರಡಿಯ ಕಪ್ಪು ಕಲೆ ಹೋಗಲಿಲ್ಲ.

"ಹಿಂದೂಪುರಕ್ಕೆ ಹೋಗ್ನಿಲ್ಲ ಅವ್ನು," ಎಂದಳು. "ಸತ್ತೋನ್ನ ದಿನಾ ಸಾಯ್ಲಿ ಅಂತಿದ್ನಲ್ಲೋ ನಾನು."

ಮಲ್ಲಿಕಾರ್ಜುನಯ್ಯನವರು ಕೈ ಹಿಸುಕಿಕೊಳ್ಳುತ್ತ, "ನಂಗೊತ್ತಿರ್ನಿಲ್ಲ ಕಣಮ್ಮ. ಅವನ ಕಡೇರು ಯಾರೂ ಬದುಕಿಲ್ಲ ಅಂದ್ರು, ಅದ್ಕೇ ಮಣ್ಣಿನ ಜೊತೆ ಹಾಕ್ಸ್ದೆ," ಎಂದರು.

"ಯಾರಂದಿದ್ದು ಅಂಗಂತ?"

ಮಲ್ಲಿಕಾರ್ಜುನಯ್ಯ ರಾಜುವಿನ ಕಡೆ ನೋಡಿದರು. ನರಸಿಂಹರಾಜು ರಸ್ತೆ ನೋಡುತ್ತ ನಿಂತಿದ್ದ.

"ನಾನೇ ಕಣವ್ವ," ಎಂದ.