ಒತ್ತಿದ್ದು ಒಂದು ರಾಶಿ, ತೆರೆದದ್ದು ಪಕ್ಕದ್ದು

ಕಡೂರಿನಲ್ಲಿ ಕೊಬ್ಬರಿ ಮಂಡಿಗಳಿಗೇನೂ ಬರವಿಲ್ಲ. ಆದರೆ ಸೊಸೆ ಬರೆದ ಪ್ರೋಗ್ರಾಮಿನ ಮೇಲೆ ನಡೆಯುವ ಮಂಡಿ ಒಂದೇ ಒಂದು, ಅದು ಬಸವರಾಜಪ್ಪನವರದು. ಈ ಮಾತನ್ನು ಬೇರೆ ಯಾರೂ ಹೇಳಬೇಕಾಗಿಲ್ಲ, ಬಂದ ಗಿರಾಕಿಗೆಲ್ಲ ಬಸವರಾಜಪ್ಪನವರೇ ಹೇಳುತ್ತಾರೆ. "ಅಂಗಡಿಯಿಂದ ತಂದದ್ದಲ್ಲ ಕಣ್ರೀ, ನಮ್ಮ ಕೋಮಲಾ ಕೈಯಾರೆ ಬರ್ದಿದ್ದು." ಹೊಗಳಿದರೆ ಯಾರು ತಾನೆ ಉಬ್ಬುವುದಿಲ್ಲ? ಕೋಮಲಾಳೂ ಮೊದಮೊದಲು ಉಬ್ಬಿದಳು. ಹೊಗಳಿಕೆಯನ್ನೇ ಸಂಬಳ ಅಂತ ಕೊಡುವ ಜಾಗದಲ್ಲಿ ಒಮ್ಮೆ ಕೂತವರು ಏಳುವುದು ಕಷ್ಟ ಅನ್ನುವುದು ಅವಳಿಗೆ ತಿಳಿಯುವಷ್ಟರಲ್ಲಿ ತಲೆಯಲ್ಲಿ ಬಿಳಿ ಕೂದಲು ಬಂದಿತ್ತು.

ಅವಳು ಅಜ್ಜಂಪುರದವಳು. ಡಿಪ್ಲೊಮಾ ಮುಗಿಸಿ, ಮದುವೆಗೆ ಮುಂಚೆ ಅಲ್ಲಿನ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದಳು. ಪರದೆಯ ಮೇಲೆ ಫಾರ್ಮ್ ಅನ್ನುವ ಒಂದು ಖಾಲಿ ಚೌಕಟ್ಟು ಇಟ್ಟು, "ಮೌಸ್ ಒತ್ತಿದ್ರೆ ಒಂದು ಈವೆಂಟು, ಅಂದ್ರೆ ಒಂದು ಘಟನೆ, ಬಿಟ್ರೆ ಇನ್ನೊಂದು, ಸುಮ್ನೆ ಸರಿಸಿದ್ರೂ ಒಂದು. ನೀವು ಏನೂ ಮಾಡ್ಲಿಲ್ಲ ಅಂದ್ಕೊಂಡ್ರೂ ಫಾರ್ಮಿಗೆ ಎಲ್ಲಾ ಗೊತ್ತಾಗುತ್ತೆ" ಎಂದು ಶುರು ಮಾಡಿದರೆ ಹಿಂದಿನ ಬೆಂಚಿನವರೂ ಕತ್ತು ಚಾಚುತ್ತಿದ್ದರು. 'ಮಿಸ್' ಎಂದು ಕರೆಸಿಕೊಂಡ ಆ ಎರಡು ವರ್ಷವೇ ತನ್ನ ಜೀವಮಾನದ ಒಳ್ಳೆಯ ಕಾಲ ಅಂತ ಅವಳು ಯಾರ ಮುಂದೂ ಹೇಳಿಲ್ಲ. ಹೇಳಿದರೆ ಗಂಡನಿಗೆ ಬೇಜಾರಾಗುತ್ತದೆ. ಗಂಡ ರೇಣುಕಪ್ರಸಾದ್ ಒಳ್ಳೆಯವನು, ಬೀರೂರು ರಸ್ತೆಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ ಇಟ್ಟುಕೊಂಡವನು. ಅಪ್ಪನ ಮಂಡಿ ಅವನಿಗೆ ಎಂದೂ ಒಗ್ಗಲಿಲ್ಲ.

ಒಗ್ಗದ ಮಗನ ಜಾಗಕ್ಕೆ ಒಗ್ಗುವ ಸೊಸೆ ಸಿಕ್ಕಳು. ಬಸವರಾಜಪ್ಪನವರ ಮಂಡಿಯಲ್ಲಿ ಒಂದು ಪದ್ಧತಿ. ರೈತರು ತಂದ ಕೊಬ್ಬರಿಯನ್ನು ಹಜಾರದ ನೆಲದ ಮೇಲೆ ರಾಶಿ ರಾಶಿಯಾಗಿ ಸುರಿಯುತ್ತಾರೆ. ಆ ರಾಶಿಗಳಿಗೆ ನಂಬರು ಹಾಕುವುದೆಂದರೆ ಮಾವನಿಗೆ ಆಗದು. "ನಂಬರ್ ಹಾಕೋಕೆ ಅದೇನು ಜೈಲಾ? ಬಾಗ್ಲು ಬಲಕ್ಕೆ ಎರಡನೇದು ದೇವೀರಪ್ಪಂದು, ಕಂಬದ ಪಕ್ಕದ್ದು ದಾಕ್ಷಾಯಣಮ್ಮಂದು. ಅಷ್ಟೇ." ಅದಕ್ಕೇ ಕೋಮಲಾ ಪರದೆಯ ಮೇಲೆ ಹಜಾರದ ನಕ್ಷೆಯನ್ನೇ ಬರೆದಳು. ಬಾಗಿಲು, ಕಂಬ, ರಾಶಿಗಳು, ಎಲ್ಲ ಇದ್ದಲ್ಲೇ. ಯಾವ ರಾಶಿಯ ಮೇಲೆ ಮೌಸ್ ಒತ್ತಿದರೆ ಆ ರಾಶಿಯ ಧಣಿಯ ಹೆಸರು, ತೂಕ, ದರ ಮೂಡುತ್ತಿತ್ತು. ಒಳಗಿನ ಗುಟ್ಟು ಇಷ್ಟೇ: ಒತ್ತಿದ ಕೂಡಲೇ ಫಾರ್ಮಿಗೆ ಎರಡು ಅಂಕಿ ಸಿಗುತ್ತವೆ, ಎಡ ಅಂಚಿನಿಂದ ಎಷ್ಟು ದೂರ, ಮೇಲಿನಿಂದ ಎಷ್ಟು ಕೆಳಗೆ. ಇಷ್ಟರಿಂದ ಇಷ್ಟರೊಳಗಿದ್ದರೆ ದೇವೀರಪ್ಪನ ರಾಶಿ, ಅದನ್ನು ದಾಟಿದರೆ ಪಕ್ಕದ್ದು. ಅಂಕಿಗಳನ್ನೆಲ್ಲ ಅವಳು ಕೈಯಲ್ಲೇ ಅಳೆದು ಬರೆದಿದ್ದಳು. ವಯಸ್ಸಿನ ಹುಮ್ಮಸ್ಸು, ಮುಂದೆ ಪರದೆ ಬದಲಾದರೆ ಏನು ಗತಿ ಎಂದು ಯೋಚಿಸಲಿಲ್ಲ.

ಬರೆದವಳೇ ನಡೆಸಬೇಕು ಅನ್ನುವುದು ಯಾರೂ ಬಾಯಿಬಿಟ್ಟು ಹೇಳದ ಕಾನೂನಾಯಿತು. ಬೆಳಿಗ್ಗೆ ಪೂಜೆ, ತಿಂಡಿ ಮುಗಿಸಿ ಅವಳು ಆ ಕುರ್ಚಿಯಲ್ಲಿ ಕೂತರೆ ಮಾವ ಪಕ್ಕದ ಗಾದಿಯ ಮೇಲೆ. ಗುಮಾಸ್ತ ಹೇಮಂತ್ ತೂಕ ಕೂಗುತ್ತಾನೆ, ಅವಳು ರಾಶಿ ಒತ್ತಿ ಹೆಸರು, ತೂಕವನ್ನು ಗಟ್ಟಿಯಾಗಿ ಓದುತ್ತಾಳೆ, ಮಾವ ತಲೆಯಾಡಿಸುತ್ತಾರೆ. ಆಮೇಲೆ ವ್ಯಾಪಾರಿಯ ಕೈಯನ್ನು ಟವೆಲ್ಲಿನ ಅಡಿ ಹಿಡಿದು, ಬೆರಳು ಒತ್ತಿ ದರ ಕುದುರಿಸುತ್ತಾರೆ. ಹಳೇ ಪದ್ಧತಿ, ಬೆರಳಿನ ಮಾತು ಪಕ್ಕದವನಿಗೆ ತಿಳಿಯಬಾರದು. ತವರಿಗೆ ಹೋಗಬೇಕೆಂದರೂ ಮಂಡಿಗೆ ರಜೆ ಇರಬೇಕು. ಕುರ್ಚಿಯ ಕಾಲು ನೆಲಕ್ಕೆ ಬೇರು ಬಿಟ್ಟಿದೆಯೇನೋ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು.

ಹೀಗಿರುವಾಗ ತರೀಕೆರೆಯ ಒಂದು ಖಾಸಗಿ ತರಬೇತಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠಕ್ಕೆ ಜನ ಬೇಕಾಗಿದ್ದಾರೆ ಅನ್ನುವ ಸುದ್ದಿ ಬಂತು. ತಂದವನು ಗಂಡನೇ. ಅವಳಿಗಿಂತ ಮೊದಲು ಅಪ್ಪನ ಮುಂದೆ ನಿಂತವನೂ ಅವನೇ. ಹುಟ್ಟಿದಾರಭ್ಯ ಅಪ್ಪನಿಗೆ ಎದುರಾಡದ ಮನುಷ್ಯ ಅವತ್ತು ತಟ್ಟೆ ಮುಂದೆ ಕೂತು ಉಣ್ಣದೆ ಎದ್ದ. "ಅವ್ಳು ನಿಮ್ಮ ಮಂಡಿ ತಕ್ಕಡಿ ಅಲ್ಲ ಅಪ್ಪಾಜಿ. ಹೋಗ್ಲಿ ಬಿಡಿ." ಮಾವ ಊಟ ಮುಗಿಸಿ ಕೈ ತೊಳೆದರು. ಕೊನೆಗೆ, "ಬ್ಯಾಡ ಅಂದೋರ್ ಯಾರು? ಹೇಮಂತಂಗೆ ಕಲ್ಸಿ ಹೋಗ್ಲಿ" ಅಂದರು. ಕೋಮಲಾ ಆ ರಾತ್ರಿ ಖುಷಿಗೆ ಉಣ್ಣಲಿಲ್ಲ, ಗಂಡ ಸಿಟ್ಟಿಗೆ ಉಣ್ಣಲಿಲ್ಲ. ಮನೆಯಲ್ಲಿ ಅನ್ನ ಮಿಕ್ಕಿತು.

ಸಂದರ್ಶನಕ್ಕೆಂದು ಅವಳು ತರೀಕೆರೆಗೆ ಹೋದ ದಿನವೇ ಮಂಡಿಯಲ್ಲಿ ರಾದ್ಧಾಂತ. ಹೇಮಂತ್ ತಕ್ಕಡಿ ಬಿಟ್ಟು ಬರುವಂತಿರಲಿಲ್ಲ, ಮಾವನೇ ಕುರ್ಚಿಗೆ ಕೂತಿದ್ದರು. ಎಮ್ಮೆದೊಡ್ಡಿಯ ದೇವೀರಪ್ಪನ ತೂಕ ದಾಕ್ಷಾಯಣಮ್ಮನ ಹೆಸರಿಗೆ, ದಾಕ್ಷಾಯಣಮ್ಮನದು ಇನ್ಯಾರಿಗೋ ಹೋಗಿತ್ತು. ಸಂಜೆ ಅವಳು ಬಂದು ಪರದೆ ತೆರೆದರೆ ಎಲ್ಲವೂ ಸರಿ, ಯಾವ ರಾಶಿ ಒತ್ತಿದರೂ ಅದೇ ರಾಶಿ. ಆಯ್ಕೆಯಾಗಿ, ಅಂಕಪಟ್ಟಿ ತೋರಿಸಲು ಮತ್ತೆ ಹೋದಳು. ಮತ್ತೆ ಅದೇ ರಾದ್ಧಾಂತ. ಈ ಸಲ ದೇವೀರಪ್ಪ ಸುಮ್ಮನಿರಲಿಲ್ಲ. "ಏನವ್ವಾ ಇದು? ನೀನಿದ್ರೆ ನಂದು ನಂದೇ, ನೀನಿಲ್ದಿದ್ರೆ ನಂದು ಊರೋರ್ದು! ನಿನ್ನ ಬಿಟ್ರೆ ಈ ಪೆಟ್ಟಿಗೆ ಯಾರ್ ಮಾತೂ ಕೇಳಲ್ವಾ?" ಸುತ್ತಲಿದ್ದವರೆಲ್ಲ ನಕ್ಕರು. "ಸೊಸೆ ಮಂಡಿ ಬಿಡ್ಬಾರ್ದು ಅಂತ ದೇವ್ರ ಇಚ್ಛೆ ಕಣ್ರೀ" ಅಂದ ಒಬ್ಬ ವ್ಯಾಪಾರಿ. ದೇವರಿಗೆ ಬೇರೆ ಕೆಲಸವಿಲ್ಲ ನೋಡಿ!

ಅವಳಿಗೆ ನಗು ಬರಲಿಲ್ಲ. ತನ್ನ ಕೈಬರಹದಲ್ಲೇ ಎಲ್ಲೋ ತಪ್ಪಿದೆ, ಅದು ಸಿಗದೆ ತಾನು ಇಲ್ಲಿಂದ ಕದಲುವಂತಿಲ್ಲ. ಮೌಸ್ ಸರಿದಂತೆಲ್ಲ ಎರಡೂ ಅಂಕಿಗಳು ಫಾರ್ಮಿನ ತಲೆಪಟ್ಟಿಯಲ್ಲಿ ಕಾಣುವ ಹಾಗೆ ಮಾಡಿಕೊಂಡು, ಹಜಾರದ ಈ ಮೂಲೆಯಿಂದ ಆ ಮೂಲೆಗೆ ಬಾಣವನ್ನು ಎಳೆದಾಡಿದಳು. ಅಂಕಿಗಳು ಸಾಧು ಹಸುಗಳಂತೆ ಹೇಳಿದಲ್ಲಿ ನಿಂತವು. ಆದರೆ ತಪ್ಪಿಹೋದ ತೂಕಗಳನ್ನು ನಕ್ಷೆಯ ಪಕ್ಕ ಇಟ್ಟು ನೋಡಿದಾಗ ಒಂದು ವಿಷಯ ಹೊಳೆಯಿತು. ಎಡ ಅಂಚಿನ ರಾಶಿಗಳು ತಪ್ಪಿರಲೇ ಇಲ್ಲ. ಬಲಕ್ಕೆ ಹೋದಷ್ಟೂ ತಪ್ಪು ಹೆಚ್ಚು, ಪ್ರತಿಯೊಂದೂ ತನ್ನ ಎಡಗಡೆಯದಕ್ಕೆ ಬಿದ್ದಿತ್ತು. ಪರದೆಯ ಅಕ್ಷರಗಳನ್ನು ಯಾರಾದರೂ ದೊಡ್ಡದು ಮಾಡಿದರೆ ಈ ಹಳೇ ಯಂತ್ರದಲ್ಲಿ ಅಂಕಿಗಳ ಅಳತೆಯೇ ಬದಲಾಗಿ ಹೀಗಾಗುತ್ತದೆ. ಆದರೆ ಅಕ್ಷರ ಇದ್ದಷ್ಟೇ ಇವೆಯಲ್ಲ? ಹಾಗಾದರೆ ತಾನು ಹೋದ ಮೇಲೆ ಯಾರೋ ದೊಡ್ಡದು ಮಾಡಿ, ಬರುವ ಮುಂಚೆ ಮೊದಲಿನಂತೆ ಮಾಡುತ್ತಿದ್ದಾರೆ. ಬೇಕೆಂದೇ. ಮಾವನಿಗಂತೂ ಮೌಸ್ ಒತ್ತುವುದು ಬಿಟ್ಟರೆ ಬೇರೇನೂ ಬಾರದು. ಹೇಮಂತನೇ? ಕಲಿಯಲು ಮನಸ್ಸಿಲ್ಲದೆ ಹೀಗೆ ಮಾಡುತ್ತಿದ್ದಾನೆಯೇ? ಕೈಗೆ ಸಿಗಲಿ, ಅಂದುಕೊಂಡಳು.

ಕೆಲಸಕ್ಕೆ ಸೇರುವ ದಿನ ಹೊಸ ಸೀರೆಯುಟ್ಟು ಸ್ಟೇಷನ್ನಿಗೆ ಹೋದರೆ ರೈಲ್ವೆ ಗೇಟು ಬಿದ್ದಿತ್ತು, ಗಾಡಿ ಕಣ್ಣೆದುರೇ ಹೊರಟಿತು. ಮುಂದಿನ ಬಸ್ಸಿಗೆ ಹೊತ್ತಿದೆ, ಅಷ್ಟರಲ್ಲಿ ಒಮ್ಮೆ ಇಣುಕಿ ಬರೋಣವೆಂದು ಮಂಡಿಯ ಹಿಂಬಾಗಿಲಿನಿಂದ ಒಳಗೆ ಬಂದಳು. ಹೇಮಂತ್ ಹೊರಗೆ ಲಾರಿಯಿಂದ ಮೂಟೆ ಇಳಿಸಿಕೊಳ್ಳುತ್ತಿದ್ದ. ಕುರ್ಚಿಯಲ್ಲಿ ಮಾವ. ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಬಾಯಲ್ಲಿ ಏನೋ ಮಂತ್ರ ಹೇಳಿಕೊಳ್ಳುತ್ತಿದ್ದರು. ಹತ್ತಿರ ಹೋಗಿ ಕೇಳಿದರೆ ಮಂತ್ರವಲ್ಲ. "ಬಲ್ಗಡೆ ಒತ್ತು, ಕೊನೇದು, ಆಮೇಲೆ ಮೂರನೇದು, ಆಫು, ಆನು..." ಅಕ್ಷರ ದೊಡ್ಡದು ಮಾಡಲು ಎದುರಿನ ಮೊಬೈಲ್ ಅಂಗಡಿಯವನು ಹೇಳಿಕೊಟ್ಟ ಪಾಠವನ್ನು ಉರು ಹೊಡೆದಿದ್ದರು. ಪರದೆಯ ಅಕ್ಷರಗಳು ಅಂಗಡಿ ಬೋರ್ಡಿನಷ್ಟು ದಪ್ಪಗಾಗಿದ್ದವು.

"ನೀವಾ ಮಾವ?" ಅವಳ ದನಿ ಏರಿತು. "ನಾನು ಹೋಗ್ಬಾರ್ದು ಅಂತ ಇಷ್ಟೆಲ್ಲ ಮಾಡಿದ್ರಾ? ಬೇಡ ಅಂತ ನೇರವಾಗಿ ಹೇಳ್ಬಹುದಿತ್ತಲ್ಲ!"

ಮಾವ ಬೆಚ್ಚಿ ತಿರುಗಿದರು. ಅವಳತ್ತ ಅಲ್ಲ, ಅವಳ ಪಕ್ಕದ ಗೋಡೆಯತ್ತ. ಅಷ್ಟು ಸಾಕಾಯಿತು ಅವಳಿಗೆ.

"ಕಾಣಲ್ಲ ಕಣಮ್ಮ" ಅಂದರು ಬಸವರಾಜಪ್ಪ, ಮೆಲ್ಲಗೆ. "ನೀನಿದ್ರೆ ಓದ್ತೀಯ, ನಡ್ದೋಗುತ್ತೆ. ನೀನಿಲ್ದಾಗ ಅಕ್ಷರ ದಪ್ಪ ಮಾಡ್ಕೊಂಡ್ರೆ ಒಂಚೂರು ತಿಳಿಯುತ್ತೆ. ನಿಂಗೆ ಗೊತ್ತಾಗ್ಬಾರ್ದು ಅಂತ ನೀನು ಬರೋದ್ರೊಳಗೆ ಮೊದ್ಲಿನ ಹಾಗೆ ಮಾಡ್ತಿದ್ದೆ. ಅದ್ರಿಂದ್ಲೇ ರಾಶಿ ಅದಲುಬದಲು ಆಯ್ತದೆ ಅಂತ ನಂಗೇನ್ ಗೊತ್ತು? ನಾನೇ ತಪ್ಪು ಒತ್ತಿದೆ ಅಂದ್ಕೊಂಡೆ."

"ಡಾಕ್ಟ್ರಿಗೆ ತೋರಿಸ್ಲಿಲ್ವಾ ಮಾವ?"

"ಶಿವಮೊಗ್ಗಕ್ಕೆ ಮದುವೆಗೆ ಅಂತ ಹೋಗಿದ್ನಲ್ಲ, ಅದು ಮದುವೆ ಅಲ್ಲ, ಕಣ್ಣಾಸ್ಪತ್ರೆಗೆ. ಕಣ್ಣಿನ ನರ ಸೊರಗಿದೆಯಂತೆ. ಹೋಗಿದ್ದು ಬರಲ್ಲ, ಉಳ್ದಿದ್ದೂ ಎಷ್ಟ್ ದಿನವೋ ಹೇಳಕ್ಕಾಗಲ್ಲ ಅಂದ್ರು."

ಕೊಬ್ಬರಿಯನ್ನು ಇತ್ತೀಚೆಗೆ ಮಾವ ನೋಡದೆ ಮೂಸಿ, ತಟ್ಟಿ, ಉಗುರಿನಲ್ಲಿ ಕೆರೆದು ದರ್ಜೆ ಹೇಳುತ್ತಿದ್ದುದು ಅವಳಿಗೆ ಈಗ ಅರ್ಥವಾಯಿತು. ಟವೆಲ್ಲಿನ ಅಡಿಯ ವ್ಯಾಪಾರಕ್ಕಂತೂ ಕಣ್ಣು ಬೇಕಿರಲಿಲ್ಲ.

"ಇವರಿಗೆ ಹೇಳೋಣ ಮಾವ. ಮಗ ಅಲ್ವಾ?"

"ಬ್ಯಾಡ!" ಮುದುಕರ ಕೈ ತಡಕಾಡಿ ಅವಳ ಮುಂಗೈ ಹಿಡಿಯಿತು. "ರೇಣುಕಂಗೆ ಗೊತ್ತಾದ್ರೆ ನಾಳೆನೇ ಮಂಡಿಗೆ ಬೀಗ ಹಾಕಿ ನನ್ನ ಮನೇಲಿ ಕೂರಿಸ್ತಾನೆ. ಕಣ್ಣಿಲ್ದೋನ ಹತ್ರ ಯಾವ ರೈತ ರಾಶಿ ಹಾಕ್ತಾನೆ? ಈ ನೆಲ ಬಿಟ್ರೆ ನಾನು ಸತ್ತೋಯ್ತೀನಿ. ಇರೋವಷ್ಟು ದಿನ ನಂಗೆ ಓದಿ ಹೇಳು ತಾಯಿ. ಯಾರ್ಗೂ ಹೇಳಲ್ಲ ಅಂತ ಲಿಂಗ ಮುಟ್ಟಿ ಆಣೆ ಮಾಡು."

ಅಧಿಕಾರದಿಂದ ಹೇಳಿದ್ದರೆ ಅವಳು ಬಸ್ಸು ಹತ್ತಿಬಿಡುತ್ತಿದ್ದಳು. ಜಗಳಕ್ಕೆ ಸಿದ್ಧವಾಗಿ ಬಂದವಳ ಎದುರು ಮನುಷ್ಯ ಬೇಡಿಕೊಂಡರೆ ಏನು ಮಾಡುವುದು? ಹದಿನಾರು ವರ್ಷದಲ್ಲಿ ಮಾವ ಅವಳನ್ನು ಏನನ್ನೂ ಕೇಳಿದವರಲ್ಲ, ಬರೀ ಹೇಳಿದವರು. ಅತ್ತ ದರಿ, ಇತ್ತ ಪುಲಿ. ಅಯ್ಯೋ, ಈ ಬಸ್ಸು ಬೇಗ ಬಂದಿರಬಾರದಿತ್ತೇ, ಆ ಗಾಡಿ ತಪ್ಪದಿರಬಾರದಿತ್ತೇ ಎಂದು ಅವಳ ಜೀವ ಒದ್ದಾಡಿತು. ಕೊನೆಗೆ ಕೊರಳ ಕರಡಿಗೆಯನ್ನು ಮುಟ್ಟಿದಳು. ಅದರೊಳಗಿನ ಲಿಂಗದ ಮೇಲೆ ಒಮ್ಮೆ ಆಣೆಯಿಟ್ಟ ಮೇಲೆ ಆ ಮನೆಯಲ್ಲಿ ಮಾತು ಮುರಿಯುವ ಪ್ರಶ್ನೆಯೇ ಇಲ್ಲ.

ತರೀಕೆರೆಗೆ ಫೋನ್ ಮಾಡಿದಾಗ ಪ್ರಿನ್ಸಿಪಾಲರು ಸೌಜನ್ಯದಿಂದಲೇ, "ಪಟ್ಟೀಲಿ ಇನ್ನೊಬ್ರಿದ್ದಾರೆ ಮೇಡಂ, ಅವ್ರನ್ನೇ ಕರೀತೀವಿ" ಅಂದರು. ಅವಳು ಫೋನ್ ಇಟ್ಟು, ಹೊಸ ಸೀರೆಯ ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ಕೂತಳು. ಅಕ್ಷರ ಎಷ್ಟೇ ದಪ್ಪಗಾದರೂ ರಾಶಿ ತಪ್ಪದ ಹಾಗೆ, ಕೈಯಲ್ಲಿ ಬರೆದ ಅಂಕಿಗಳನ್ನೆಲ್ಲ ಅಳಿಸಿ ಪರದೆಯ ಅಳತೆಗೆ ತಕ್ಕಂತೆ ಹಿಗ್ಗುವ ಲೆಕ್ಕ ಬರೆದಳು. ಮೊದಲೇ ಹಾಗೆ ಬರೆದಿದ್ದರೆ ಯಾವ ರಾದ್ಧಾಂತವೂ ಇರುತ್ತಿರಲಿಲ್ಲ, ಮಾವನ ಗುಟ್ಟೂ ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ. ಸಂಜೆಯೊಳಗೆ ಕೆಲಸ ಮುಗಿಯಿತು. ಇಷ್ಟು ಚೆನ್ನಾಗಿ ಅವಳು ಯಾವತ್ತೂ ಬರೆದಿರಲಿಲ್ಲ, ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಮನೆಗೆ ಬಂದರೆ ರೇಣುಕಪ್ರಸಾದ್ ಅಂಗಡಿ ಬೇಗ ಮುಚ್ಚಿ ಬಂದಿದ್ದ. ಮೇಜಿನ ಮೇಲೆ ಹೊಸ ಊಟದ ಕ್ಯಾರಿಯರ್ ಇತ್ತು, ಅವಳು ದಿನಾ ತರೀಕೆರೆಗೆ ಕೊಂಡೊಯ್ಯಲಿ ಅಂತ ತಂದದ್ದು. ಅವಳು ವಿಷಯ ಹೇಳಿದಳು. ಅವನು ಮೊದಲು ನಂಬಲಿಲ್ಲ.

"ಅಪ್ಪಾಜಿ ಏನಾದ್ರೂ ಅಂದ್ರಾ?"

"ಇಲ್ಲ. ಅವ್ರೇನೂ ಅನ್ಲಿಲ್ಲ. ನಂಗೇ ಬೇಡ ಅನ್ನಿಸ್ತು."

"ಬೇಡ ಅನ್ನಿಸ್ತಾ?" ಅವನ ಮುಖ ಕೆಂಪಾಯಿತು. "ನಿಂಗೋಸ್ಕರ ಅಪ್ಪನ ಎದ್ರು ನಿಂತೆ ಕಣೇ ನಾನು. ಇವತ್ತಿಗೂ ಅವ್ರು ನನ್ನ ಹತ್ರ ಸರಿಯಾಗಿ ಮಾತಾಡಲ್ಲ. ಇಷ್ಟು ವರ್ಷ ಈ ಮನೆಯೋರು ನಿನ್ನ ಕಟ್ಟಿ ಹಾಕಿದ್ರು, ಕಟ್ಟಿ ಹಾಕಿದ್ರು ಅಂತ ನಾನು ಅಂದ್ಕೊಂಡಿದ್ದೆ. ಯಾರೂ ಕಟ್ಟಿರ್ಲಿಲ್ಲ. ಹೊರಗೆ ಹೋಗೋಕೆ ನಿಂಗೇ ಭಯ."

ನಡುಮನೆಯ ಮಂಚದ ಮೇಲೆ ಬಸವರಾಜಪ್ಪ ಎಚ್ಚರವಾಗಿಯೇ ಇದ್ದರು. ಒಂದು ಸಲ ಕೆಮ್ಮಿದರು. ಏನೋ ಹೇಳುತ್ತಾರೆ ಅಂತ ಕೋಮಲಾ ಕಾದಳು. ಅವರು ಗೋಡೆಯ ಕಡೆ ಮಗ್ಗುಲಾದರು.

"ಹೌದು ರೀ" ಅಂದಳು ಕೋಮಲಾ. "ನಂಗೇ ಭಯ ಆಯ್ತು."