ನೀರು ಒಗ್ಗದ ಮೈ

ಬಾಗ್ದಾದಿನ ದಕ್ಷಿಣಕ್ಕೆ ಹೊಳೆದಂಡೆಯಲ್ಲಿರುವ ಅಮಾರಾ ಊರಿನ ಬೆಳ್ಳಿ ಕೆಲಸದ ಬುರಾನನ ಹೆಂಡತಿ ಸೀಮತ್‌ಗೆ ನೀರು ಒಗ್ಗುತ್ತಿರಲಿಲ್ಲ. ಕುಡಿದರೆ ಏನೂ ಇಲ್ಲ. ಮೈಗೆ ತಾಗಿದರೆ ಕಾಲು ಗಂಟೆಯೊಳಗೆ ಕತ್ತು, ಬೆನ್ನು, ತೋಳಿನ ಮೇಲೆಲ್ಲ ಸಣ್ಣ ಸಣ್ಣ ಗಂಧೆ ಏಳುತ್ತಿದ್ದವು. ಒಂದು ಗಂಟೆ ಉರಿ, ಕೆರೆತ. ಆಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಮಾಯ.

ಬೇರೆ ಜನರಲ್ಲಿ ಹುಟ್ಟಿದ್ದರೆ ಹೇಗೋ ನಿಭಾಯಿಸುತ್ತಿದ್ದಳು. ನಾವು ಮಂದಾಯಿಗಳು, ಹರಿಯುವ ನೀರಿನಲ್ಲಿ ಮುಳುಗುವುದೇ ನಮ್ಮ ಧರ್ಮ. ಹುಟ್ಟಿದರೆ ಹೊಳೆ, ಮದುವೆಗೆ ಹೊಳೆ, ಹೆತ್ತರೆ ಹೊಳೆ, ಮುಟ್ಟು ಕಳೆದರೂ ಹೊಳೆ. ಮೂರು ಮುಳುಗು ಹಾಕದ ಹೆಂಗಸು ತಟ್ಟಿದ ರೊಟ್ಟಿಯನ್ನು ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ.

ಮದುವೆಯ ದಿನ ಬಿಳಿ ಬಟ್ಟೆಯೊಳಗೆ ಹಲ್ಲು ಕಚ್ಚಿ ನಿಂತು ಪಾರಾದಳು. ಮಗಳು ನದ್ವಾ ಹುಟ್ಟಿದ ಮೇಲೆ ಹೊಳೆಗೆ ಕರೆದುಕೊಂಡು ಹೋದ ಅತ್ತೆ ಮಾಮಾನಿ ಸೊಸೆಯ ಬೆನ್ನು ನೋಡಿಬಿಟ್ಟಳು.

"ಹೊಳೆ ಸಾಕ್ಷಿ ಕಣೇ. ಏನೋ ಮಾಡಿದೀಯ, ಅದಕ್ಕೇ ನೀರು ನಿನ್ನ ಒಪ್ತಿಲ್ಲ."

"ಬಾವಿ ನೀರಿಗೂ ಹೀಗೇ ಆಗತ್ತೆ ಅತ್ತೆ. ಮಳೆಗೂ."

"ಅದನ್ನೂ ಊರಿಗೆಲ್ಲ ಸಾರು. ನಾಳೆ ನಿನ್ನ ಮಗಳನ್ನ ಯಾರು ಮಾಡ್ಕೋತಾರೆ?"

ಮುದುಕಿ ಮುಂದೆ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೇ ವಾಸಿಯಿತ್ತು, ಜಗಳವಾಡಿ ಹಗುರಾಗಬಹುದಿತ್ತು. ಹಬ್ಬದ ದಿನ ಮಾತ್ರ "ಅವಳಿಗೆ ತಲೆನೋವು" ಎಂದು ಸೀಮತ್‌ಳನ್ನು ಕೋಣೆಯಲ್ಲಿ ಮಲಗಿಸಿ, ಹಿಟ್ಟು ತಾನೇ ಕಲಸುತ್ತಿದ್ದಳು.

ಬುರಾನ್ ಬಾಗ್ದಾದಿನ ಡಾಕ್ಟರಿಗೂ ತೋರಿಸಿದ. ಅಪರೂಪದ ಚರ್ಮದ ತೊಂದರೆ, ಯಾರ ತಪ್ಪೂ ಅಲ್ಲ, ಆದಷ್ಟೂ ನೀರಿನಿಂದ ದೂರ ಇರಿ ಎಂದರು ಅವರು. ಮಂದಾಯಿ ಹೆಂಗಸಿಗೆ ಈ ಮಾತು! ವಾಪಸು ಬರುವಾಗ ಬಸ್ಸಿನಲ್ಲಿ ಗಂಡ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕರು. ದಾರಿಯಲ್ಲಿ ಕೂತ್ ಎಂಬ ಊರು ದಾಟುವ ಹೊತ್ತಿಗೆ ಸೀಮತ್ ಮುಂದಿನ ಮುಳುಗಿಗೆ ಎಷ್ಟು ದಿನ ಉಳಿದಿದೆ ಎಂದು ಎಣಿಸುತ್ತಿದ್ದಳು.

ತಿಂಗಳು ತಿಂಗಳೂ ಬೆಳಕು ಹರಿಯುವ ಮೊದಲೇ ಹೋಗಿ ಮುಳುಗಿ, ಗಂಧೆ ಇಳಿಯುವ ತನಕ ಜೊಂಡಿನ ಮರೆಯಲ್ಲಿ ಕೂರುವುದು. ಹೀಗೇ ಹದಿಮೂರು ವರ್ಷ ಕಳೆಯಿತು. ತನಗೂ ಇದು ಶುರುವಾಗಿದ್ದು ದೊಡ್ಡವಳಾದ ಮೇಲೆಯೇ. ತನ್ನದು ಹೇಗೋ ನಡೆಯಿತು, ಇದು ಮಗಳಿಗೂ ಬಂದರೆ? ಸೀಮತ್‌ಳ ಎದೆಯಲ್ಲಿ ಉಳಿದಿದ್ದು ಅದೊಂದೇ ಭಯ.

ನದ್ವಾ ದೊಡ್ಡವಳಾದಳು. ಮುಟ್ಟು ಕಳೆದ ಮೇಲಿನ ಮೊದಲ ಮುಳುಗಿಗೆ ತಾಯಿಯೇ ಕರೆದೊಯ್ದಳು. ದಡದಲ್ಲೇ ನಿಲ್ಲಬೇಕೆಂದಿದ್ದಳು, ಹುಡುಗಿ ಹೆದರಿ ಕೈ ಬಿಡಲೇ ಇಲ್ಲ. ತಾನೂ ಇಳಿದಳು. ಮೂರು ಮುಳುಗಾಯಿತು.

ದಡಕ್ಕೆ ಬಂದು ಮಗಳ ಹಸಿ ಬಟ್ಟೆ ತೆಗೆಸಿ, ಬೆನ್ನನ್ನೇ ನೋಡುತ್ತ ಕೂತಳು.

"ಚಳಿ ಆಗ್ತಿದೆ ಅಮ್ಮ. ಏನ್ ನೋಡ್ತಿದೀಯ?"

"ಸುಮ್ನಿರೆ, ಸ್ವಲ್ಪ ಒಣಗ್ಲಿ."

ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಕತ್ತು ನೋಡಿದಳು, ತೋಳು ತಿರುಗಿಸಿ ನೋಡಿದಳು. ಎಲ್ಲೂ ಒಂದು ಚುಕ್ಕೆಯಿಲ್ಲ. ಸೀಮತ್‌ಗೆ ಜೀವ ಬಂದಂತಾಯಿತು. ಮಗಳನ್ನು ಬಾಚಿ ತಬ್ಬಿ ಭುಜಕ್ಕೆ ಮುತ್ತಿಟ್ಟಳು. ಆ ಸಂತೋಷದಲ್ಲಿ ತನ್ನ ಮೇಲುಹೊದಿಕೆ ಜಾರಿದ್ದು ಅವಳಿಗೆ ಗೊತ್ತಾಗಲಿಲ್ಲ.

ನದ್ವಾ ಮೆಲ್ಲಗೆ ಬಿಡಿಸಿಕೊಂಡಳು. ತಾಯಿಯ ಕತ್ತು, ತೋಳುಗಳನ್ನು ನೋಡಿದಳು. ಹೊಳೆಗೆ ಕಳಿಸುವ ಮುಂಚೆ ಅಜ್ಜಿ ಹೇಳಿಕೊಡಬೇಕಾದ್ದನ್ನೆಲ್ಲ ಹೇಳಿಕೊಟ್ಟಿದ್ದಳು, ತಪ್ಪು ಮಾಡಿದವರ ಮೈಯನ್ನು ಹೊಳೆ ಒಪ್ಪುವುದಿಲ್ಲ ಎಂಬುದನ್ನೂ.

"ಅಮ್ಮ, ನೀನು ಏನ್ ಮಾಡಿದ್ದೆ?"

ಏನೂ ಇಲ್ಲವೆಂದರೆ ಹುಡುಗಿ ನಂಬುವುದಿಲ್ಲ. ಸೀಮತ್‌ಗೆ ಅಳು ಒತ್ತರಿಸಿ ಬಂತು. ಅತ್ತರೆ ಕೆನ್ನೆಯ ಮೇಲೂ ಗಂಧೆ ಏಳುತ್ತವೆ. ಮಗಳು ನೋಡುತ್ತಿದ್ದಳು, ಅದಕ್ಕೆ ಅಳಲಿಲ್ಲ.